ಬ್ರಿಟನ್ನಿನಲ್ಲಿ ಹೊಸ ಲೈಸೆನ್ಸ್: ಮೊದಲ ಎರಡು ವರ್ಷ ಆರು ಪಾಯಿಂಟ್ ಆಗದಂತೆ ನೋಡಿಕೊಳ್ಳುವುದು ಹೇಗೆ?

ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯಿಂದ ನರ್ಸಿಂಗ್, ವೃದ್ಧರ ಆರೈಕೆ, ಓದು ಎಂದು ಬ್ರಿಟನ್ನಿಗೆ ಹೋದವರು ಅಲ್ಲಿ ಕಾರು ಬಿಡುವಾಗ ಊರಿನ ಲೆಕ್ಕ ಹಿಡಿಯಬಾರದು. ಊರಲ್ಲಿ ಕ್ಯಾಮರಾದ ಚಲನ್ ಬಂದರೆ ದುಡ್ಡು ಕಟ್ಟುತ್ತೇವೆ, ಹೆಚ್ಚಿನ ತಪ್ಪುಗಳು ಅಲ್ಲಿಗೇ ಮುಗಿಯುತ್ತವೆ. ಬ್ರಿಟನ್ನಿನಲ್ಲಿ ದಂಡದ ಜತೆಗೆ ಲೈಸೆನ್ಸಿನ ಮೇಲೆ ಪಾಯಿಂಟ್, ಅಂದರೆ ತಪ್ಪಿನ ಅಂಕ, ಬೀಳುತ್ತದೆ. ಹೊಸಬರು ಹೆದರಬೇಕಾದ್ದು ಅದಕ್ಕೆ.

1997ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮ ಇದು: ಮೊದಲ ಪೂರ್ಣ ಲೈಸೆನ್ಸಿನ ಟೆಸ್ಟ್ ಪಾಸಾದ ದಿನದಿಂದ ಎರಡು ವರ್ಷದೊಳಗಿನ ತಪ್ಪಿನಿಂದ ಪಾಯಿಂಟ್ ಆರಕ್ಕೆ ಮುಟ್ಟಿದರೆ ಲೈಸೆನ್ಸ್ ರದ್ದು. ತೀರ್ಪು ಯಾವಾಗ ಬಂತು ಎಂಬುದು ಲೆಕ್ಕಕ್ಕಿಲ್ಲ, ತಪ್ಪು ನಡೆದ ದಿನವೇ ಮುಖ್ಯ. ಕಲಿಯುವಾಗ ಪ್ರೊವಿಷನಲ್ ಲೈಸೆನ್ಸಿನಲ್ಲಿ ಮೂರು ಪಾಯಿಂಟ್ ಬಿದ್ದಿದ್ದು, ಅದರ ಅವಧಿ ಇನ್ನೂ ಮುಗಿಯದಿದ್ದರೆ ಅದೂ ಸೇರುತ್ತದೆ.

ಮಾಮೂಲಿ ವೇಗದ ತಪ್ಪಿಗೆ ಮತ್ತು ಕೆಂಪು ದೀಪ ದಾಟಿದ್ದಕ್ಕೆ ಮೂರು ಪಾಯಿಂಟ್. ಅಂಥವು ಎರಡಾದರೆ ಲೈಸೆನ್ಸ್ ಹೋಯಿತು. ಆದರೆ ಒಂದೇ ಏಟಿಗೆ ಆರು ತರುವ ತಪ್ಪುಗಳೇ ನಮ್ಮವರಿಗೆ ಹೆಚ್ಚು ಅಪಾಯ.

ಮೊದಲನೆಯದು ವಿಮೆ. ಊರಲ್ಲಿ ಭಾವನ ಕಾರಿಗೆ ವಿಮೆ ಇದ್ದು ನಮ್ಮಲ್ಲಿ ಲೈಸೆನ್ಸ್ ಇದ್ದರೆ ಸಾಮಾನ್ಯವಾಗಿ ಓಡಿಸಬಹುದು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಪಾಲಿಸಿಯಲ್ಲಿ ಯಾರ ಹೆಸರಿದೆಯೋ ಅವರಿಗಷ್ಟೇ ರಕ್ಷಣೆ. ಒಂದೇ ಮನೆಯಲ್ಲಿ ಬಾಡಿಗೆಗಿರುವ ಗೆಳೆಯನ ಕಾರನ್ನು ಅಂಗಡಿವರೆಗೆ ಒಯ್ದರೂ ವಿಮೆಯಿಲ್ಲದ ಚಾಲನೆಯೇ: ಆರರಿಂದ ಎಂಟು ಪಾಯಿಂಟ್. ಸ್ಥಳದಲ್ಲೇ ನೋಟಿಸ್ ಕೊಟ್ಟರೆ 300 ಪೌಂಡ್ ದಂಡ, ಆರು ಪಾಯಿಂಟ್. ಕೀಲಿ ಮುಟ್ಟುವ ಮೊದಲು ಪಾಲಿಸಿಯ ಕಾಗದದಲ್ಲಿ ನಿಮ್ಮ ಹೆಸರು ನೋಡಿ. ಇಲ್ಲದಿದ್ದರೆ ಒಂದು ದಿನದ ತಾತ್ಕಾಲಿಕ ವಿಮೆಯೂ ಸಿಗುತ್ತದೆ. ಭಾರತದ ಲೈಸೆನ್ಸಿನಲ್ಲಿ ಓಡಿಸುವವರಿಗೂ ಇದೇ ಎಚ್ಚರ ಬೇಕು. ಅಲ್ಲಿ ನೆಲೆಸಿ 12 ತಿಂಗಳಾದ ಮೇಲೆ ಆ ಲೈಸೆನ್ಸ್ ನಡೆಯುವುದಿಲ್ಲ, ಅದರೊಂದಿಗೆ ವಿಮೆಯೂ ಕೈಕೊಡುತ್ತದೆ.

ಎರಡನೆಯದು ಫೋನ್. ಸಿಗ್ನಲ್ಲಿನಲ್ಲಿ ನಿಂತಿದ್ದರೂ ಕೈಯಲ್ಲಿ ಹಿಡಿದು ಬಳಸಿದರೆ 200 ಪೌಂಡ್, ಆರು ಪಾಯಿಂಟ್. ದಾರಿ ತೋರಿಸಲು ಬೇಕಿದ್ದರೆ ಹೊರಡುವ ಮೊದಲೇ ಸ್ಟ್ಯಾಂಡಿಗೆ ಸಿಕ್ಕಿಸಿ, ವಿಳಾಸ ಹಾಕಿ.

ಮೂರನೆಯದು ಕಾಗದ. ಕ್ಯಾಮರಾ ಹಿಡಿದರೆ ಕಾರಿನ ಲಾಗ್‌ಬುಕ್ಕಿನಲ್ಲಿರುವ (ನಮ್ಮ ಆರ್‌ಸಿಯಂಥ ನೋಂದಣಿ ಕಾಗದ) ವಿಳಾಸಕ್ಕೆ ಸಾಮಾನ್ಯವಾಗಿ 14 ದಿನದೊಳಗೆ ನೋಟಿಸ್ ಬರುತ್ತದೆ. ಯಾರು ಓಡಿಸಿದ್ದರು ಎಂದು 28 ದಿನದೊಳಗೆ ತಿಳಿಸಬೇಕು. ಬಾಡಿಗೆಮನೆ ಬದಲಿಸಿ ವಿಳಾಸ ತಿದ್ದಿಸದಿದ್ದರೆ ಕಾಗದ ಹಳೇ ಮನೆಯಲ್ಲೇ ಬಿದ್ದಿರುತ್ತದೆ. ಮೂರು ಪಾಯಿಂಟಿನಲ್ಲಿ ಮುಗಿಯಬಹುದಾಗಿದ್ದದ್ದು ಉತ್ತರ ಕೊಡದ ತಪ್ಪಿಗೆ ಆರಾಗುತ್ತದೆ. ಮನೆ ಬದಲಿಸಿದ ವಾರದಲ್ಲೇ ಲೈಸೆನ್ಸ್, ಲಾಗ್‌ಬುಕ್ ಎರಡರಲ್ಲೂ ವಿಳಾಸ ತಿದ್ದಿಸಿ. ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ.

ಬೋಳು ಟಯರನ್ನೂ ಮರೆಯಬೇಡಿ. ಕಾರಿನ ಟಯರಿನ ಗೀರು ನಡುವಿನ ಮುಕ್ಕಾಲು ಅಗಲದಲ್ಲಿ, ಸುತ್ತಲೂ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು. ಒಂದೊಂದು ಟಯರಿಗೂ ಮೂರು ಪಾಯಿಂಟ್ ಬೀಳಬಹುದು, ಎರಡು ಸವೆದಿದ್ದರೆ ಅಲ್ಲಿಗೇ ಆರು. ಹಳೇ ಕಾರು ಕೊಳ್ಳುವಾಗ ಇದನ್ನು ಅಳೆದು ನೋಡಿ.

ವೇಗ ಸ್ವಲ್ಪವೇ ಮೀರಿದ್ದರೆ ಪೊಲೀಸರು ತರಬೇತಿ ತರಗತಿಯ ಅವಕಾಶ ಕೊಡುವುದುಂಟು. ಶುಲ್ಕ ಕಟ್ಟಿ ಕೂತರೆ ಪಾಯಿಂಟ್ ಬೀಳುವುದಿಲ್ಲ. ಮೂರು ವರ್ಷದೊಳಗೆ ಅದೇ ತರಗತಿ ಮತ್ತೆ ಸಿಗದು. ಕರೆ ಬಂದರೆ ಖಂಡಿತ ಒಪ್ಪಿಕೊಳ್ಳಿ.

ರದ್ದಾದರೆ ಮತ್ತೆ ಪ್ರೊವಿಷನಲ್ ಲೈಸೆನ್ಸಿಗೆ ಅರ್ಜಿ ಹಾಕಿ, ಥಿಯರಿ, ರಸ್ತೆ ಟೆಸ್ಟ್ ಎರಡೂ ಪಾಸಾಗಬೇಕು. ಅಲ್ಲಿಯವರೆಗೆ ಎಲ್ ಬೋರ್ಡ್, ಪಕ್ಕದಲ್ಲಿ ಕನಿಷ್ಠ 21 ವರ್ಷದ, ಮೂರು ವರ್ಷದಿಂದ ಲೈಸೆನ್ಸ್ ಇರುವವರು ಬೇಕು. ಮನೆಮನೆಗೆ ಹೋಗಿ ಆರೈಕೆ ಮಾಡುವವರಿಗೆ ಇದು ಕೆಲಸಕ್ಕೇ ಕುತ್ತು. ಮತ್ತೆ ಪಾಸಾದ ಮೇಲೆ ಎರಡು ವರ್ಷದ ನಿಯಮ ಪುನಃ ಶುರುವಾಗುವುದಿಲ್ಲ, ಆದರೆ ಹಳೇ ಪಾಯಿಂಟ್ ಅಳಿಯುವುದೂ ಇಲ್ಲ. ಮೂರು ವರ್ಷದೊಳಗೆ ಒಟ್ಟು 12 ಆದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ನಿಷೇಧ. ನಿಮ್ಮ ಲೆಕ್ಕ ಎಷ್ಟಿದೆಯೆಂದು ಲೈಸೆನ್ಸ್ ನಂಬರ್, ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸ, ತೆರಿಗೆಯ ಲೆಕ್ಕಕ್ಕೆ ಸರಕಾರ ಕೊಡುವ ಸಂಖ್ಯೆ), ಪೋಸ್ಟ್‌ಕೋಡ್ ಹಾಕಿ ಸರಕಾರದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು.