ಕುಡಿತ ಬಿಡಿಸುವ ಮುಂಚೆ ಆಸ್ಪತ್ರೆಗೆ ಸೇರಿಸಬೇಕಾ? ಮನೆಯವರು ತೀರ್ಮಾನಿಸುವುದು ಹೇಗೆ

ಕಾರ್ತಿಕ ಮಾಸ ಹತ್ತಿರ ಬಂದರೆ ನನಗೆ ಒಳಗೊಳಗೇ ಆತಂಕ. ಹದಿನೈದು ವರ್ಷದಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಪ್ರತಿ ವರ್ಷ ಈ ಹೊತ್ತಿಗೆ ಒಬ್ಬರಲ್ಲ ಒಬ್ಬರು ಕಪ್ಪು ಪಂಚೆಯಲ್ಲೇ ಸ್ಟ್ರೆಚರ್ ಮೇಲೆ ಬರುತ್ತಾರೆ. ಸೋಮವಾರ ಬೆಳಿಗ್ಗೆ ಅಯ್ಯಪ್ಪನ ಮಾಲೆ ಹಾಕಿರುತ್ತಾರೆ, ಅವತ್ತೇ ಕುಡಿತ ಬಂದ್. ಮಂಗಳವಾರ ಸಂಜೆ ಭಜನೆಗೆ ನಿಂತಲ್ಲೇ ಫಿಟ್ಸ್. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. "ವ್ರತದಲ್ಲಿ ಏನು ತಪ್ಪಾಯ್ತು ಮೇಡಂ?" ಅಂತ ಹೆಂಡತಿ ಅಳುತ್ತಾರೆ.

ವ್ರತದಲ್ಲಿ ಏನೂ ತಪ್ಪಾಗಿರುವುದಿಲ್ಲ. ಮದ್ಯ ಮೆದುಳನ್ನು ಮಂದ ಮಾಡುತ್ತದೆ. ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು ಆ ಮಂಪರನ್ನು ಮೀರಿ ಜೋರಾಗಿ ಓಡುವುದನ್ನು ಕಲಿತಿರುತ್ತದೆ. ಮದ್ಯ ದಿಢೀರನೆ ನಿಂತರೂ ಆ ಓಟ ನಿಲ್ಲುವುದಿಲ್ಲ. ಕೈ ನಡುಕ, ಬೆವರು, ಫಿಟ್ಸ್, ಬಡಬಡಿಕೆ (ಬುದ್ಧಿ ಕಲಸಿಹೋಗಿ ಏನೇನೋ ಮಾತಾಡುವುದು) ಎಲ್ಲ ಅದರಿಂದಲೇ. ವೈದ್ಯರ ಕಣ್ಣೆದುರು, ಔಷಧಿಯ ಆಸರೆಯಲ್ಲಿ ಈ ಓಟವನ್ನು ಮೆಲ್ಲಗೆ ಇಳಿಸುವುದೇ ಡಿಟಾಕ್ಸ್. ಸಾಮಾನ್ಯವಾಗಿ 5ರಿಂದ 10 ದಿನ ಹಿಡಿಯುತ್ತದೆ. ಕುಡಿಯದೆ ಬದುಕುವುದನ್ನು ಕಲಿಸುವ ರಿಹ್ಯಾಬ್ ಶುರುವಾಗುವುದು ಅದಾದ ಮೇಲೆ. ಡಿಟಾಕ್ಸ್ ಎಲ್ಲರಿಗೂ ಬೇಕಿಲ್ಲ. ಬೇಕಾದವರಿಗೆ ಸಿಗದಿದ್ದರೆ ಜೀವಕ್ಕೇ ಕುತ್ತು.

ಮೊದಲ ಹೆಜ್ಜೆ ಸುಲಭ. ಚಟ ಯಾವುದರದ್ದು ಅಂತ ನೋಡಿ. ಮದ್ಯ ಮತ್ತು ನಿದ್ದೆ ಮಾತ್ರೆ, ಇವೆರಡನ್ನು ದಿಢೀರ್ ನಿಲ್ಲಿಸುವುದೇ ಅಪಾಯ. ತಂಬಾಕು, ಗಾಂಜಾ ಮಾತ್ರ ಇದ್ದರೆ ಸಾಮಾನ್ಯವಾಗಿ ಡಿಟಾಕ್ಸ್‌ಗೆಂದು ಆಸ್ಪತ್ರೆ ಹಾಸಿಗೆ ಬೇಕಾಗುವುದಿಲ್ಲ. ಹೆರಾಯಿನ್ ಅಥವಾ ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆ ಬಿಟ್ಟವರು ಮೈಕೈ ನೋವು, ಭೇದಿ, ನಿದ್ದೆಗೇಡಿನಿಂದ ನರಳುತ್ತಾರೆ, ಆದರೆ ಜೀವ ಹೋಗುವುದು ಅಪರೂಪ. ಅವರಿಗೆ ದೊಡ್ಡ ಅಪಾಯ ಆಮೇಲಿನದು. ನಾಲ್ಕು ವಾರ ಬಿಟ್ಟು ಮತ್ತೆ ಹಳೇ ಪ್ರಮಾಣದಲ್ಲೇ ತೆಗೆದುಕೊಂಡರೆ ಮೈ ತಡೆಯದೆ ಉಸಿರು ನಿಲ್ಲಬಹುದು. ಅವರಿಗೆ ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಇದೆ, ಮನೋವೈದ್ಯರನ್ನು ಕಾಣಲೇಬೇಕು. ಮುಂದಿನದೆಲ್ಲ ಮದ್ಯದ ವಿಷಯ.

ಎರಡನೇ ಹೆಜ್ಜೆ ಕುಡಿತದ ಚರಿತ್ರೆ ಕೇಳುವುದು. ಹೆಚ್ಚಿನವರು ಎಡವುವುದು ಇಲ್ಲೇ. "ದಿನಾ ಎಷ್ಟು ಕುಡೀತೀರಿ?" ಅಂದರೆ ಉತ್ತರ ಒಂದೇ: "ಸಂಜೆ ಒಂದು ನೈಂಟಿ, ಅಷ್ಟೇ." ಮನೆಯವರೂ ಮರ್ಯಾದೆಗೆ ಅಂಜಿ ತಲೆ ಆಡಿಸುತ್ತಾರೆ. ಹಾಗೆ ಕೇಳಬೇಡಿ. ಜಗಳದ ಮಧ್ಯೆ, ನೆಂಟರೆದುರು, ಅಥವಾ ಅವರು ಕುಡಿದಿದ್ದಾಗಲೂ ಬೇಡ. ಬೆಳಿಗ್ಗೆ, ಇಬ್ಬರೇ ಕೂತು, "ಬಿಟ್ಟಾಗ ನಿಮಗೆ ತೊಂದರೆ ಆಗಬಾರದು, ಅದಕ್ಕೆ ಕೇಳ್ತಿದೀನಿ" ಅಂತ ಹೇಳಿ ಶುರು ಮಾಡಿ. ಈ ಒಂದು ಮಾತಿಗೆ ಎಷ್ಟೋ ಗಂಡಸರು ನನ್ನೆದುರು ಕಣ್ಣೀರು ಹಾಕಿದ್ದಾರೆ.

ಪ್ರಮಾಣಕ್ಕಿಂತ ಮುಂಚೆ ಹೊತ್ತು ಕೇಳಿ. ಎದ್ದ ಎಷ್ಟು ಹೊತ್ತಿಗೆ ಮೊದಲನೇ ಪೆಗ್ ಬೀಳುತ್ತೆ? ಅದು ಬೀಳುವ ಮುಂಚೆ ಕಾಫಿ ಲೋಟ ಹಿಡಿದರೆ ಕೈ ನಡುಗುತ್ತಾ? ಬೆವರು, ವಾಕರಿಕೆ ಇರುತ್ತಾ? ಕುಡಿದ ಮೇಲೆ ನಿಲ್ಲುತ್ತಾ? ಕುಡಿದಾಗ ನಿಲ್ಲುವ ಬೆಳಗಿನ ನಡುಕ ಇದ್ದರೆ, ಮೈ ಮದ್ಯಕ್ಕೆ ಒಗ್ಗಿಹೋಗಿದೆ ಅಂತಲೇ ಲೆಕ್ಕ.

ಆಮೇಲೆ ಪ್ರಮಾಣ. ವಿಸ್ಕಿ, ಬ್ರಾಂದಿ, ರಮ್ ಯಾವುದೇ ಇರಲಿ, 30 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಮದ್ಯಸಾರ. ನೈಂಟಿಯಲ್ಲಿ (90 ಮಿ.ಲೀ.) 30 ಗ್ರಾಂ, ಕ್ವಾರ್ಟರ್‌ನಲ್ಲಿ (180 ಮಿ.ಲೀ.) 60. ಬಾಯಿಮಾತು ನಂಬದೆ ಖಾಲಿ ಪ್ಯಾಕೆಟ್ ಎಣಿಸಿ. ಒಬ್ಬ ತಾಯಿ ನನಗೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಹಾಳೆಯನ್ನೇ ತಂದು ತೋರಿಸಿದ್ದರು. ತಾರೀಖಿನ ಪಕ್ಕ ಎಡಗಡೆ ಹಾಲಿನ ಲೀಟರು. ಬಲಗಡೆ ಪೆನ್ಸಿಲ್‌ನಲ್ಲಿ ಸಣ್ಣ ಗೀಟುಗಳು, ಮಗನ ಹಾಸಿಗೆ ಕೆಳಗೆ ಸಿಕ್ಕಿದ ಟೆಟ್ರಾ ಪ್ಯಾಕ್‌ಗಳ ಲೆಕ್ಕ. ಮಗ "ದಿನಕ್ಕೆ ಎರಡು" ಅಂದಿದ್ದ. ಹಾಳೆಯಲ್ಲಿ ಆರು, ಏಳು, ಆರು. ಒಂದು ಚೌಕದಲ್ಲಿ ಗೀಟೇ ಇರಲಿಲ್ಲ, ಅಲ್ಲಿ "ಫಿಟ್ಸ್" ಅಂತ ಬರೆದಿದ್ದರು. ಡಾಕ್ಟರು ಅದನ್ನು ನೋಡಿ ಬೇರೇನೂ ಕೇಳಲಿಲ್ಲ, ಅಡ್ಮಿಶನ್ ಚೀಟಿ ಬರೆದರು.

ಗೀಟಿಲ್ಲದ ಆ ಚೌಕವೇ ಮುಖ್ಯ. ಹಿಂದೆ ಬಿಟ್ಟಾಗ ಏನಾಗಿತ್ತು ಅನ್ನುವುದು ಎಲ್ಲಕ್ಕಿಂತ ಜಾಸ್ತಿ ಹೇಳುತ್ತದೆ. "ಯಾವಾಗಲಾದರೂ ಬಿಟ್ಟಿದ್ರಾ?" ಅಂದರೆ "ಇಲ್ಲ" ಅಂತಾರೆ. ಸಂದರ್ಭ ಹಿಡಿದು ಕೇಳಿ. ಮಾಲೆ ಹಾಕಿದಾಗ? ಕಾಲು ಮುರಿದು ಆಸ್ಪತ್ರೆಯಲ್ಲಿದ್ದಾಗ? ನಾನಂತೂ ಲಾಕ್‌ಡೌನ್ ನೆನಪು ಮಾಡಿಸುತ್ತೇನೆ. 2020ರ ಮಾರ್ಚ್ ಕೊನೆಗೆ ಮುಚ್ಚಿದ ಮದ್ಯದಂಗಡಿಗಳು ನಮ್ಮಲ್ಲಿ ತೆರೆದದ್ದು ಮೇ 4ಕ್ಕೆ. ಮುಚ್ಚಿದ ಮೊದಲ ವಾರ ಮನೆಯಲ್ಲಿ ಏನಾಯ್ತು ಅಂತ ಕೇಳಿದರೆ ಎಲ್ಲರಿಗೂ ನೆನಪಿರುತ್ತದೆ. ಒಮ್ಮೆ ಫಿಟ್ಸ್ ಬಂದಿದ್ದರೆ ಮುಂದಿನ ಸಲವೂ ಬರುವ ಸಂಭವ ಜಾಸ್ತಿ. ಬಿಟ್ಟು, ಹಿಡಿದು, ಬಿಟ್ಟು ಮಾಡಿದವರಲ್ಲಿ ಸಲದಿಂದ ಸಲಕ್ಕೆ ಬಿಗಡಾಯಿಸಬಹುದು. "ಹೋದ ಸಲ ಏನೂ ಆಗಿಲ್ಲ" ಅಂತ ನೆಮ್ಮದಿಯಾಗಿರಬೇಡಿ.

ಈಗ ತೀರ್ಮಾನ. ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಬಡಬಡಿಕೆ ಆಗಿದ್ದರೆ ಚರ್ಚೆಯೇ ಬೇಡ, ಆಸ್ಪತ್ರೆಯಲ್ಲೇ ಬಿಡಿಸಿ. ಬೆಳಗಿನ ನಡುಕದ ಜೊತೆ ಕಾಮಾಲೆ, ಹೃದಯದ ತೊಂದರೆ, ತಲೆಗೆ ಪೆಟ್ಟು, ನಿದ್ದೆ ಮಾತ್ರೆ ಅಭ್ಯಾಸ, ಬಸಿರು, ಇಳಿವಯಸ್ಸು, ಸಾಯುವ ಮಾತು, ಇವುಗಳಲ್ಲಿ ಒಂದಿದ್ದರೂ ಹಾಗೇ. ಮನೆಯಲ್ಲಿ ರಾತ್ರಿ ನೋಡಿಕೊಳ್ಳುವವರು ಇಲ್ಲದಿದ್ದರೂ ನಾನು ಸೇರಿಸಿ ಅಂತಲೇ ಹೇಳುತ್ತೇನೆ. ಇದ್ಯಾವುದೂ ಇಲ್ಲ, ಸಣ್ಣ ನಡುಕ ಮಾತ್ರ ಅಂದರೆ ವೈದ್ಯರು ಮನೆಯಲ್ಲೇ ಔಷಧಿ ಕೊಟ್ಟು ದಿನಾ ಬಂದು ತೋರಿಸಿ ಅನ್ನಬಹುದು. ವಾರಕ್ಕೊಮ್ಮೆ ಕುಡಿಯುವವರು, ಮಧ್ಯದ ದಿನಗಳಲ್ಲಿ ಏನೂ ತೊಂದರೆಯಿಲ್ಲದವರು ನೇರ ಆಪ್ತಸಮಾಲೋಚನೆಗೆ ಬರಬಹುದು. ಕೊನೆಯ ಮಾತು ವೈದ್ಯರದ್ದೇ. ನೀವು ಕಲೆಹಾಕಿದ ವಿವರದಿಂದ ಅವರ ತೀರ್ಮಾನ ಸರಿಯಾಗುತ್ತದೆ.

ವೈದ್ಯರನ್ನು ಕಾಣುವ ತನಕ ಬಾಟಲಿ ಕಸಿದು ಎಸೆಯುವುದು, ಕೋಣೆಗೆ ಕೂಡಿ ಹಾಕುವುದು ಬೇಡವೇ ಬೇಡ. ಕುಡಿಯುತ್ತಲೇ ಇರಲಿ ಅಂತಲ್ಲ, ಒಂದೆರಡು ದಿನದಲ್ಲೇ ಕರೆದುಕೊಂಡು ಹೋಗಿ. ಪಕ್ಕದ ಮನೆಯವರ ನಿದ್ದೆ ಮಾತ್ರೆ ಕೊಡಬೇಡಿ. "ಒಂದು ಗ್ಲೂಕೋಸ್ ಡ್ರಿಪ್ ಹಾಕಿಸಿದರೆ ಎಲ್ಲ ತೊಳೆದುಹೋಗುತ್ತೆ" ಅನ್ನುವ ಅಡ್ಡದಾರಿಯನ್ನು ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಕುಡಿಯುವವರ ಮೈಯಲ್ಲಿ ಬಿ1 ಜೀವಸತ್ವ ಕಡಿಮೆ ಇರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು.

ಇನ್ನು "ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ" ಅನ್ನುವ ಪುಡಿಗಳು. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ, ಮೊಬೈಲ್‌ನಲ್ಲಿ ಎಲ್ಲೆಲ್ಲೂ ಜಾಹೀರಾತು. ಒಳಗೇನಿದೆ ಅಂತ ಬರೆದಿರುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧಿ ಇದ್ದರಂತೂ, ಅದರ ಮೇಲೆ ಕುಡಿದವರ ಬಿ.ಪಿ. ಕುಸಿದು ಪ್ರಾಣವೇ ಹೋಗಬಹುದು. ಅದು ಒಳ್ಳೆ ಔಷಧಿಯೇ. ಆದರೆ ಕುಡಿಯುವವರಿಗೆ ತಿಳಿಸಿ, ಅವರು ಒಪ್ಪಿ, ಮದ್ಯ ಪೂರ್ತಿ ನಿಂತ ಮೇಲೆ ವೈದ್ಯರು ಕೊಡಬೇಕಾದದ್ದು.

ಆಗಲೇ ಬಿಟ್ಟುಬಿಟ್ಟಿದ್ದರೆ ಗಡಿಯಾರ ನೋಡಿ. ಕೊನೇ ಪೆಗ್ ಆಗಿ 6ರಿಂದ 12 ಗಂಟೆಯಲ್ಲಿ ನಡುಕ, ಬೆವರು ಶುರು. ಫಿಟ್ಸ್ ಬರುವುದು ಹೆಚ್ಚಾಗಿ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನ ಮತ್ತೊಂದು ಗಂಡಾಂತರ, ಬಡಬಡಿಕೆ: ಹಗಲು ರಾತ್ರಿ ಗೊತ್ತಾಗದು, ಹೊದಿಕೆ ಮೇಲೆ ಇಲ್ಲದ ಇರುವೆ ಆರಿಸುತ್ತಾರೆ, ಸತ್ತವರ ಜೊತೆ ಮಾತಾಡುತ್ತಾರೆ, ಮೈ ಸುಡುತ್ತದೆ. ಗಾಳಿ ಸೋಕಿದೆ ಅಂತ ತಾಯತಕ್ಕೆ ಓಡಿ ಒಂದು ರಾತ್ರಿ ಕಳೆದರೆ ಜೀವ ಕೈತಪ್ಪಬಹುದು. ಫಿಟ್ಸ್ ಬಂದರೆ, ಬಡಬಡಿಸಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದ್ದರೂ ಕುಡಿತದ ವಿಷಯ ಮೊದಲ ದಿನವೇ ಹೇಳಿಬಿಡಿ. ಆಪರೇಷನ್ ಆದ ಮೂರನೇ ರಾತ್ರಿ ಡ್ರಿಪ್ ಕಿತ್ತು ಓಡಿದವರನ್ನು ನಾನು ಕಂಡಿದ್ದೇನೆ. ಮನೆಯವರು ಮುಚ್ಚಿಟ್ಟಿದ್ದರು.

ಎಲ್ಲಿಗೆ ಹೋಗುವುದು? ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ದಾರಿ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ರಿಹ್ಯಾಬ್ ಕೇಂದ್ರ ಆರಿಸುವಾಗ ಕಟ್ಟಡ, ತೋಟ ನೋಡಿ ಮಾರುಹೋಗಬೇಡಿ. ರಾತ್ರಿ ಎರಡಕ್ಕೆ ಫಿಟ್ಸ್ ಬಂದರೆ ಯಾರು ನೋಡುತ್ತಾರೆ ಅಂತ ಕೇಳಿ. ನೋಂದಣಿ ಪತ್ರ ತೋರಿಸಿ ಅನ್ನಿ. "ಔಷಧಿ ಏನೂ ಬೇಡ, ನಾವು ಬಿಡಿಸ್ತೀವಿ" ಅಂದರೆ ಎದ್ದು ಬನ್ನಿ. ಊರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆ ಬೆಳಗಿವೆ. ಅಲ್ಲಿಗೆ ಕಳಿಸುವ ಮುಂಚೆಯೂ ಒಮ್ಮೆ ವೈದ್ಯರಿಗೆ ತೋರಿಸಿ.

ಆಸ್ಪತ್ರೆಗೆ ಸೇರಿಸುವ ದಿನವೇ ರಿಹ್ಯಾಬ್‌ನ ತಾರೀಖೂ ನಿಗದಿ ಮಾಡಿಕೊಳ್ಳಿ. ಎಂಟನೇ ದಿನಕ್ಕೆ ನಡುಕ ನಿಂತು, ಮುಖ ಗೆಲುವಾಗಿ, ಊಟ ಸೇರುತ್ತದೆ. "ಈಗ ಸರಿಹೋದ್ರಲ್ಲ, ಹಬ್ಬ ಮುಗಿಸಿಕೊಂಡು ಹೋಗಲಿ" ಅಂತ ಅತ್ತೆಯೋ ಭಾವನೋ ಹೇಳಿಯೇ ಹೇಳುತ್ತಾರೆ. ಬಟ್ಟೆ ಬ್ಯಾಗು ಮನೆಗೆ ತರದೆ, ಡಿಸ್ಚಾರ್ಜ್ ಚೀಟಿ, ಮಾತ್ರೆ ಜೊತೆಗಿಟ್ಟು, ಆಸ್ಪತ್ರೆ ಬಾಗಿಲಿಂದಲೇ ರಿಹ್ಯಾಬ್‌ಗೆ ಗಾಡಿ ಹತ್ತಿಸಿ.