ಹಳೆಯ ಪೈಪರ್ ಕಬ್ ಕೊಳ್ಳುವ ಮುನ್ನ ಮಾಡಿಸಬೇಕಾದ ತಪಾಸಣೆ

ಅಮೆರಿಕದಲ್ಲಿ 1947ರವರೆಗೆ ತಯಾರಾದ ಪೈಪರ್ ಜೆ-3 ಕಬ್ ವಿಮಾನವನ್ನು ಕೊಳ್ಳಬಯಸುವವರು, ಮಾರುವವರಿಗೆ ಸಂಬಂಧಪಡದ, ಬಟ್ಟೆ ಹೊದಿಸಿದ ವಿಮಾನಗಳಲ್ಲಿ ಪಳಗಿದ ಮೆಕ್ಯಾನಿಕ್ ಒಬ್ಬರನ್ನು ತಾವೇ ಗೊತ್ತುಮಾಡಿಕೊಳ್ಳಬೇಕು. ವಿಮಾನದ ಹಾರಾಟ, ದುರಸ್ತಿಗಳನ್ನು ಬರೆದಿಟ್ಟ ಲಾಗ್‌ಬುಕ್‌ಗಳನ್ನು ಅವರಿಂದ ಮೊದಲೇ ಓದಿಸಿ.

ಹೊಳೆಯುವ ಹಳದಿ ಬಣ್ಣಕ್ಕೆ ಮರುಳಾಗಬಾರದು. ಅದರಡಿ ಹತ್ತಿಬಟ್ಟೆಯಿದ್ದರೆ ಅದು ಬಿಸಿಲಿಗೆ ಜೀರ್ಣವಾಗಿರಬಹುದಾದ್ದರಿಂದ ಅದರ ಬಲವನ್ನು ಅಳೆಸಲೇಬೇಕು. ಆ ಬಲವು ಈ ವಿಮಾನಕ್ಕೆ ನಿಗದಿಯಾದ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಿದ್ದರೆ ಇಡೀ ಹೊದಿಕೆಯನ್ನೇ ಬದಲಿಸಬೇಕಾಗುತ್ತದೆ, ಮತ್ತು ಅದು ಅಗ್ಗದ ಕೆಲಸವಲ್ಲ.

ಇದಕ್ಕಿಂತ ಗಂಭೀರವಾದದ್ದು ರೆಕ್ಕೆಗೆ ಆಸರೆಯಾದ ಉಕ್ಕಿನ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿಯುವುದು. ಹೊರನೋಟಕ್ಕೆ ಕಾಣದ ಈ ದೋಷಕ್ಕಾಗಿ ಅಮೆರಿಕದ ವಾಯುಯಾನ ಆಡಳಿತವು ಕಡ್ಡಾಯ ಆದೇಶವನ್ನೇ ಹೊರಡಿಸಿದೆ. ಆದ್ದರಿಂದ ಆ ತಪಾಸಣೆ ನಡೆದ ದಿನಾಂಕವನ್ನೋ, ಸೀಲ್ ಮಾಡಿದ ಹೊಸ ಕೊಳವೆಗಳನ್ನು ಅಳವಡಿಸಿದ ದಾಖಲೆಯನ್ನೋ ಕೇಳಿ. ಬಾಲದ ಹತ್ತಿರ ನೀರು ನಿಲ್ಲುವ ಕೆಳಗಿನ ಚೌಕಟ್ಟಿಗೂ ತುಕ್ಕು ಹಿಡಿದಿದೆಯೇ ಎಂದು ನೋಡಿಸಿ. ಇಂಜಿನ್ನಿನ ಸಿಲಿಂಡರ್‌ಗಳು ಒತ್ತಡವನ್ನು ಸೋರದಂತೆ ಹಿಡಿದಿಡುತ್ತವೆಯೇ ಎಂದು ನೋಡುವ ಕಂಪ್ರೆಷನ್ ಪರೀಕ್ಷೆ ಮಾಡಿಸಿದ ಬಳಿಕವೇ ಬೆಲೆಯ ಮಾತನ್ನೆತ್ತಿ.