ನಾಜಲ್ ಹಾಗೇ ಇರಲಿ, ಇನ್ಸರ್ಟ್ ಬದಲಿಸಿ: ಜೆಟ್ಟಿಂಗ್ ಕೆಲಸದ ನನ್ನ ಅನುಭವ

ಜೋರಾದ ನೀರಿನಿಂದ ಒಳಚರಂಡಿ ತೊಳೆಯುವ ಜೆಟ್ಟಿಂಗ್ ಮಷಿನ್‌ಗೆ ನಾಜಲ್ (ಹೋಸ್ ತುದಿಯಲ್ಲಿ ನೀರು ಚಿಮ್ಮಿಸುವ ಮೂತಿ) ಕೊಳ್ಳುವಾಗ ನಾನು ಮೊದಲು ನೋಡುವುದು ಅದರ ತೂತುಗಳನ್ನು. ನಾಜಲ್ ಮೈಯಲ್ಲೇ ಕೊರೆದಿದ್ದಾರಾ, ಇಲ್ಲ ಬಿಚ್ಚಿ ತೆಗೆಯುವ ಇನ್ಸರ್ಟ್, ಅಂದರೆ ತೂತಿರುವ ಪುಟ್ಟ ಸ್ಕ್ರೂ, ಹಾಕಿದ್ದಾರಾ? ಮೈಯಲ್ಲೇ ಕೊರೆದದ್ದು ಅಗ್ಗ, ನಿಜ. ಆದರೆ ತೂತು ಸವೆದ ಮೇಲೆ ಅದು ಪೂರ್ತಿ ಗುಜರಿಗೆ. ಇನ್ಸರ್ಟ್ ಇದ್ದರೆ ಅಲೆನ್ ಕೀ ಹಾಕಿ ಹಳೆಯದು ಬಿಚ್ಚಿ ಹೊಸದು ಕೂರಿಸಿದರೆ ಆಯಿತು. ನಾಜಲ್ ಮೈ ವರ್ಷಗಟ್ಟಲೆ ಬಾಳುತ್ತದೆ.

ಆದರೆ ಜಾಸ್ತಿ ದುಡ್ಡು ಉಳಿಯುವುದು ಬೇರೆ ಕಡೆ: ಸವೆದ ಇನ್ಸರ್ಟನ್ನು ಸಮಯಕ್ಕೆ ಬದಲಿಸುವುದರಲ್ಲಿ. ನಮ್ಮದು ಪ್ಲಂಜರ್ ಪಂಪ್, ದಂಡ ಹಿಂದೆ ಮುಂದೆ ಆಡಿ ನೀರು ತಳ್ಳುವಂಥದ್ದು. ಆರ್‌ಪಿಎಂ ಅಷ್ಟೇ ಇದ್ದರೆ ನಿಮಿಷಕ್ಕೆ ತಳ್ಳುವ ನೀರೂ ಅಷ್ಟೇ. ಬೈಪಾಸ್ ವಾಲ್ವ್ ಮೂಲಕ ವಾಪಸ್ ಹೋಗದೆ ಅಷ್ಟೂ ನೀರು ದೊಡ್ಡ ತೂತಿನಲ್ಲಿ ಹೊರಗೆ ಹೋದರೆ ಪ್ರೆಷರ್ ಬೀಳಲೇಬೇಕು, ಅಲ್ವಾ? ಎಲ್ಲಾ ತೂತುಗಳ ವ್ಯಾಸ 5% ಹೆಚ್ಚಾದರೆ ನಾಜಲ್‌ನಲ್ಲಿ ಪ್ರೆಷರ್ ಸುಮಾರು 18% ಇಳಿಯುತ್ತದೆ. 10% ಹೆಚ್ಚಾದರೆ ಸುಮಾರು 32%. ಅಂದರೆ 2 ಮಿ.ಮೀ. ತೂತು 2.2 ಆದರೆ 150 ಬಾರ್ ಇದ್ದದ್ದು 100ರ ಹತ್ತಿರಕ್ಕೆ ಬಂದಿರುತ್ತದೆ. ಈ ಸವೆತ ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ. ಪಂಪ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಅದನ್ನು ಬಿಚ್ಚುತ್ತಾರೆ. ಒಂದೇ ಲೈನ್‌ಗೆ ಮತ್ತೆ ಮತ್ತೆ ಹೋಸ್ ಬಿಡುತ್ತಾರೆ. ಡೀಸೆಲ್ ಉರಿಯುತ್ತಲೇ ಇರುತ್ತದೆ.

ಹಾಗಾಗಿ ಟೂಲ್ ಬಾಕ್ಸ್‌ನಲ್ಲಿ ಒಂದು ಡ್ರಿಲ್ ಬಿಟ್ ಇಟ್ಟಿದ್ದೇನೆ. ಹೊಸ ಇನ್ಸರ್ಟ್‌ನ ತೂತಿಗಿಂತ ಕೂದಲೆಳೆಯಷ್ಟೇ ಹೆಚ್ಚು ದಪ್ಪ ಅದು, ಹೊಸದರೊಳಗೆ ಹೋಗುವುದಿಲ್ಲ. ಪಂಪ್ ನಿಲ್ಲಿಸಿ, ಲೈನ್‌ನ ಪ್ರೆಷರ್ ಪೂರ್ತಿ ಇಳಿಸಿ, ಅದರ ನುಣುಪಾದ ಹಿಂಬದಿಯನ್ನು ತೂತಿಗೆ ಮೆಲ್ಲಗೆ ಹಿಡಿಯುತ್ತೇನೆ. ಸಲೀಸಾಗಿ ಒಳಗೆ ಹೋಯಿತೋ, ಇಡೀ ಸೆಟ್ ಬದಲಿಸುತ್ತೇನೆ. ಒಂದೆರಡನ್ನು ಮಾತ್ರ ಬದಲಿಸಿದರೆ ಜೆಟ್‌ಗಳು ಸಮವಾಗಿರುವುದಿಲ್ಲ, ನಾಜಲ್ ಒಂದು ಕಡೆಗೆ ಎಳೆಯುತ್ತದೆ.

ಸೆರಾಮಿಕ್ ಇನ್ಸರ್ಟ್ ಸ್ಟೀಲ್‌ಗಿಂತ ಎಷ್ಟೋ ಜಾಸ್ತಿ ಬಾಳುತ್ತದೆ. ಆದರೆ ನಾಜಲ್ ಕಾಂಕ್ರೀಟ್ ಮೇಲೆ ಬಿದ್ದರೆ ಚಕ್ಕೆ ಏಳಬಹುದು, ಅದಕ್ಕೇ ಎಸೆಯಲು ಬಿಡುವುದಿಲ್ಲ. ಕೂರಿಸುವ ಮುಂಚೆ ಥ್ರೆಡ್‌ನ ಮರಳು ಒರೆಸಿ ಜಾಮ್ ಆಗದ ಗ್ರೀಸ್ ಸವರಬೇಕು. ಇಲ್ಲದಿದ್ದರೆ ಮುಂದಿನ ಸಲ ಅಲೆನ್ ಕೀ ತಿರುಗುತ್ತದೆ, ಇನ್ಸರ್ಟ್ ತಿರುಗುವುದಿಲ್ಲ.

ಹೋಸ್‌ನಲ್ಲೂ ಇದೇ ಲೆಕ್ಕ. ಬೆಂಡ್‌ಗಳಲ್ಲಿ ಉಜ್ಜಿ ಹೆಚ್ಚಾಗಿ ಸವೆಯುವುದು ನಾಜಲ್ ಕಡೆಯ ಕೊನೆಯ ಕೆಲವು ಅಡಿ. ಅಲ್ಲಿಗೆ ಲೀಡರ್ ಹೋಸ್ ಅನ್ನುವ ಒಂದು ಗಿಡ್ಡ ಹೋಸ್ ಜೋಡಿಸಿದರೆ ಅದನ್ನಷ್ಟೇ ಬದಲಿಸಿದರೆ ಸಾಕು, ಉದ್ದನೆಯ ಮೇನ್ ಹೋಸ್ ಉಳಿಯುತ್ತದೆ. ಮ್ಯಾನ್‌ಹೋಲ್ ಅಂಚಿಗೆ ಗಾರ್ಡ್ ತಪ್ಪದೆ ಹಾಕುತ್ತೇವೆ. ಪಂಪ್‌ಗೂ ಅಷ್ಟೇ, ಸೀಲ್ ಮತ್ತು ವಾಲ್ವ್ ಕಿಟ್ ಸ್ಟಾಕ್ ಇರಲಿ, ಫಿಲ್ಟರ್ ದಿನಾ ತೊಳೆಯಿರಿ. ಮರಳು ಸೇರಿದ ನೀರು ಸೀಲ್, ಇನ್ಸರ್ಟ್ ಎರಡನ್ನೂ ಬೇಗ ತಿನ್ನುತ್ತದೆ.

ಮೇಲ್ಪದರ ಹರಿದ, ಉಬ್ಬಿದ ಹೋಸ್‌ನಲ್ಲಿ ಮಾತ್ರ ಉಳಿತಾಯ ನೋಡುವುದಿಲ್ಲ. ಕ್ಲಾಂಪ್ ಬಿಗಿದು ಓಡಿಸಲು ಯಾರಿಗೂ ಬಿಡುವುದಿಲ್ಲ. ಹಾಳಾದ ಭಾಗ ಕತ್ತರಿಸಿ, ಸರಿಯಾದ ಮಷಿನ್‌ನಲ್ಲಿ ಹೊಸ ಫಿಟಿಂಗ್ ಕ್ರಿಂಪ್ ಮಾಡಿಸಿ (ಒತ್ತಿ ಬಿಗಿಸಿ), ಪ್ರೆಷರ್ ಟೆಸ್ಟ್ ಆದ ಮೇಲೆಯೇ ಅದು ಮತ್ತೆ ರೀಲ್‌ಗೆ ಹೋಗುತ್ತದೆ.